ಹೆಸರಿನ ನಡುವೆ ಒಂದು ಗೆರೆ

ಲುಸಿಯಾನೆ ಮಾಡಿದ ತಪ್ಪು ಇಷ್ಟೇ. ಎಣ್ಣೆಗೆ ಇಡಬೇಕೆಂದುಕೊಂಡ ಹೆಸರನ್ನು ಗಂಡನ ಅಕ್ಕನ ಕಿವಿಗೆ ಹಾಕುವ ಮೊದಲೇ ಚರ್ಚಿನ ಹೆಂಗಸರ ಮುಂದೆ ಆಡಿಬಿಟ್ಟಳು. ಹತ್ತು ಜನ ಸಾಲಾಗಿ ಕೂತು ಚಾಪೆ ಹೆಣೆಯುವಾಗ ಕೈಗಿಂತ ಬಾಯಿ ಮುಂದೆ ಓಡುತ್ತದೆ. "ಲೋಲೊ ಪಿಸಿಲಾ ಅಂತ ಇಡ್ತೀನಿ ಕಣ್ರೇ. ನನ್ನ ಮಗಳು ಇಂಟರ್ನೆಟ್ಟಿನಲ್ಲಿ ಹಾಕ್ತಾಳೆ. ಆಕ್ಲೆಂಡಿನಲ್ಲಿರೋ ನಮ್ಮ ಜನ ಅಲ್ಲಿಂದಲೇ ತರಿಸ್ಕೋಬಹುದು," ಅಂದಳು. ಲೋಲೊ ಅಂದರೆ ಟೋಂಗಾದ ಮಾತಿನಲ್ಲಿ ಎಣ್ಣೆ. ಪಿಸಿಲಾ ಅವಳನ್ನು ಹೆತ್ತವಳು, ತೀರಿಕೊಂಡು ಎರಡು ವರ್ಷವಾಗಿತ್ತು. ತೆಂಗಿನ ತುರಿಗೆ ಹೂವು ಬೆರೆಸಿ, ಬಿಸಿಲಿಗಿಟ್ಟು ಪಿಸಿಲಾ ತೆಗೆಯುತ್ತಿದ್ದ ಎಣ್ಣೆ ಹಚ್ಚಿಕೊಳ್ಳದೆ ಆ ಸೀಮೆಯಲ್ಲಿ ಒಬ್ಬ ಮದುವಣಗಿತ್ತಿ ಹೊಸಿಲು ದಾಟಿರಲಿಲ್ಲ, ಒಂದು ಹೆಣ ಮಣ್ಣಿಗೆ ಹೋಗಿರಲಿಲ್ಲ.

ಇದು ಮಂಗಳವಾರದ ಮಾತು. ಶುಕ್ರವಾರ ಸಂಜೆ ಮಗಳು ಫೂಸಿ ಪೇಟೆಯ ಫೋನ್ ಅಂಗಡಿಯ ಕೆಲಸ ಮುಗಿಸಿಕೊಂಡು ಬಂದವಳು ಬ್ಯಾಗನ್ನೂ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಮ್ಮ, ಹೆಸರು ಹೋಯ್ತು."

"ಎಲ್ಲಿಗೆ ಹೋಯ್ತು?"

"ಬೇರೆಯವರು ತಗೊಂಡುಬಿಟ್ಟಿದಾರೆ. ಬುಧವಾರವೇ. ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಒಬ್ಬರಿಗೇ. ಮೊದಲು ಹೋಗಿ ಕೂತೋರದು ಬೆಂಚು."

"ನನ್ನ ತಾಯಿ ಹೆಸರು ಯಾರಿಗೆ ಬೇಕಾಗಿತ್ತೇ?"

ಫೂಸಿ ತಂದೆಯ ಕಡೆ ಒಮ್ಮೆ, ಅಜ್ಜಿಯ ಕಡೆ ಒಮ್ಮೆ ನೋಡಿದಳು. "ಲೆಸಿಯೆಲಿಗೆ. ದೊಡ್ಡತ್ತೆ ಮಗಳಿಗೆ. ಅವಳೇ ಹಾಕ್ಕೊಂಡಿದಾಳೆ ಫೇಸ್‌ಬುಕ್ಕಿನಲ್ಲಿ. 'ನಮ್ಮಮ್ಮ ಹೇಳಿದ್ರು, ತಗೊಂಡೆ' ಅಂತ."

ಗಂಡ ಫೆಲೇತಿಯ ತಟ್ಟೆಯಲ್ಲಿ ಬೇಯಿಸಿದ ಮರಗೆಣಸೂ ಕೆಸವಿನೆಲೆಯಲ್ಲಿ ಸುತ್ತಿದ ಡಬ್ಬಿ ಮಾಂಸವೂ ಅರ್ಧ ಉಳಿದಿದ್ದವು. ಅವನು ಬಾಯಿ ಒರೆಸಿಕೊಂಡು, "ಹಂದಿಗೆ ಹಾಕಿಲ್ಲ ಇನ್ನೂ," ಎಂದು ಎದ್ದುಹೋದ. ಹಂದಿಗೆ ಹಾಕಿ ಒಂದು ಗಂಟೆಯಾಗಿತ್ತು.

ಅವನನ್ನು ಬೈಯುವಂತಿಲ್ಲ. ನಮ್ಮಲ್ಲಿ ಗಂಡಸಾದವನು ಅಕ್ಕನ ಎದುರು ಕೂತು ಹರಟುವುದಿಲ್ಲ, ಅವಳ ವಿಚಾರ ಬಂದರೆ ಅಲ್ಲಿ ನಿಲ್ಲುವುದೂ ಇಲ್ಲ. ಅಪ್ಪನ ಅಕ್ಕನಿಗಿಂತ ದೊಡ್ಡವರು ಮನೆಯಲ್ಲಿ ಇಲ್ಲ. ತಮ್ಮನ ಮಕ್ಕಳಿಗೆ ಹೆಸರಿಡುವವಳು ಅವಳು. ಮದುವೆಯಲ್ಲೂ ಸಾವಿನಲ್ಲೂ ಮೇಲಿನ ಚಾಪೆ ಅವಳದು. ತಮ್ಮನ ಮನೆಗೆ ಬಂದು ಹಂದಿಯಾಗಲಿ ಹಾಸಾಗಲಿ ಮನಸ್ಸಿಗೆ ಬಂದದ್ದನ್ನು ಎತ್ತಿಕೊಂಡು ಹೋಗಬಹುದು, ಅವಳ ಮಕ್ಕಳೂ ಹೋಗಬಹುದು. ಇಲ್ಲ ಎನ್ನುವ ಮಾತು ಬಾಯಿಗೆ ಬರಬಾರದು.

"ತಗೊಂಡರೆ ತಗೊಂಡಳು," ಎಂದಳು ಅತ್ತೆ ಕಲೊಲೈನೆ, ಹಲ್ಲಿಲ್ಲದ ಬಾಯಲ್ಲಿ ಗೆಣಸು ಮೆಲ್ಲುತ್ತ. "ನನ್ನ ಮಗಳು ತೋವಾಕಸೆಗಲ್ಲದೆ ಇನ್ಯಾರಿಗೆ?"

"ಅತ್ತೆ, ಅದು ನನ್ನ ತಾಯಿ ಹೆಸರು."

"ಮನೆ ಯಾರದು?"

ಲುಸಿಯಾನೆ ಸೌಟನ್ನು ಪಾತ್ರೆಗೆ ಬಡಿದಳು. ಫೂಸಿ ಮಧ್ಯೆ ಬಂದಳು. "ಒಂದು ದಾರಿ ಇದೆ. ಲೋಲೊಗೂ ಪಿಸಿಲಾಗೂ ನಡುವೆ ಒಂದು ಚಿಕ್ಕ ಅಡ್ಡಗೆರೆ ಹಾಕಿದ್ರೆ ಅದು ಬೇರೆ ಹೆಸರು ಅಂತ ಲೆಕ್ಕ. ಅದಿನ್ನೂ ಖಾಲಿ ಇದೆ."

"ಒಂದು ಗೆರೆಗೆ ಹೆಸರು ಬೇರೆ ಆಗಿಬಿಡುತ್ತಾ?"

"ಮಷೀನಿಗೆ ಆಗುತ್ತೆ, ಜನಕ್ಕೆ ಆಗಲ್ಲ. ಅದೇ ತೊಂದರೆ. ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಎರಡು ಮಾತೂ ಬಿಡಿಬಿಡಿಯಾಗಿ. ಸೀಸೆ ಮೇಲೂ ಒಪ್ಪುತ್ತೆ. ಆದ್ರೆ ಬಾಯಲ್ಲಿ ಹೇಳುವಾಗ ಗೆರೆ ಯಾರು ಹೇಳ್ತಾರೆ? ಹೇಳಿದ್ರೂ ಫೋನಿನಲ್ಲಿ ಯಾರು ಒತ್ತುತ್ತಾರೆ? ಗೆರೆ ಮರೆತೋರೆಲ್ಲ ಸೀದಾ ಲೆಸಿಯೆಲಿ ಬಾಗಿಲಿಗೆ ಹೋಗ್ತಾರೆ."

"ಇನ್ನೊಂದು ದಾರಿ?"

"ಕಾಣಿಕೆಗೆ ಚಾಪೆ ತಗೊಂಡು ಹೋಗಿ ದೊಡ್ಡತ್ತೇನ ಕೇಳೋದು. ಸೀಸೆ ಚೀಟಿ ಅಚ್ಚಿಗೆ ಕೊಡೋಕೆ ಇನ್ನು ಹತ್ತು ದಿನ ಇದೆ."

"ನಾನಾ? ಕೇಳೋದಾ?" ಲುಸಿಯಾನೆ ನಕ್ಕಳು. ಆ ನಗು ಕೇಳಿ ಅಜ್ಜಿ ಮೆಲ್ಲುವುದನ್ನು ನಿಲ್ಲಿಸಿದಳು.

ಕೇಳಲು ಹೋಗಬೇಕಾಗಲಿಲ್ಲ. ಭಾನುವಾರ ಚರ್ಚು ಮುಗಿಸಿ ತೋವಾಕಸೆ ತಾನೇ ಬಂದಳು. ಸೊಂಟಕ್ಕೆ ಅಗಲವಾದ ಹೆಣೆದ ಪಟ್ಟಿ, ಕೈಯಲ್ಲಿ ಬೀಸಣಿಗೆ, ಬಾಗಿಲು ತುಂಬುವ ಮೈ. ಅವಳ ನೆರಳು ಅಂಗಳಕ್ಕೆ ಬಿದ್ದದ್ದೇ ಫೆಲೇತಿ ಹಿಂಬಾಗಿಲಿನಿಂದ ಜಾರಿದ. ಮಣ್ಣೊಲೆಯಿಂದ ತೆಗೆದ ಹಂದಿಮರಿಯ ಬೆನ್ನಿನ ತುಂಡನ್ನು ಲುಸಿಯಾನೆ ಅವಳ ಮುಂದಿಟ್ಟಳು. ತನಗೆ ಕಾಲಿನ ಮೂಳೆ ಉಳಿಯಿತು. ಇಪ್ಪತ್ತಾರು ವರ್ಷದಿಂದ ಹಾಗೇ. ಅತ್ತಿಗೆ ಬೆನ್ನಿನ ತುಂಡು ತಿನ್ನುವುದನ್ನು ಅವಳು ಅಷ್ಟೂ ವರ್ಷ ನೋಡಿದ್ದಳು, ಆ ಗರಿಗರಿ ಚರ್ಮ ಹಲ್ಲಿಗೆ ಸಿಕ್ಕಿ ಒಡೆಯುವ ಸದ್ದು ಅವಳಿಗೆ ಬಾಯಿಪಾಠವಾಗಿತ್ತು.

ಕೈತೊಳೆದು ತೋವಾಕಸೆ ಕೇಳಿದಳು: "ಲುಸಿಯಾನೆ, ನಿನ್ನ ಆರು ಮಕ್ಕಳಿಗೆ ಹೆಸರಿಟ್ಟೋರು ಯಾರು?"

"ನೀವೇ, ಅತ್ತಿಗೆ."

"ಏಳನೇದು ಹುಟ್ಟಿರೋ ಸುದ್ದಿ ಚಾಪೆ ಹೆಣೆಯೋರ ಬಾಯಿಂದ ಕೇಳ್ಬೇಕಾಯ್ತಲ್ಲ ನಾನು."

"ಅದು ಮಗು ಅಲ್ಲ ಅತ್ತಿಗೆ. ಎಣ್ಣೆ."

"ಎಣ್ಣೆಗೆ ಹೆಂಗಸಿನ ಹೆಸರಿಟ್ಟೋಳು ನೀನು, ನಾನಲ್ಲ." ಬೀಸಣಿಗೆ ಎರಡು ಸಲ ಬೀಸಿತು. "ಈ ಮನೇಲಿ ನನ್ನ ತಾಯಿ ಜೀವಂತ ಕೂತಿದಾಳೆ. ಅವಳೂ ಎಣ್ಣೆ ಮಾಡಿದೋಳೇ. ನನ್ನ ತಮ್ಮನ ಅಂಗಳದ ಕಾಯಿ, ನನ್ನ ತಮ್ಮ ಕಟ್ಟಿಸಿದ ಚಾವಣಿ. ದೇಶಾಂತರ ಹೋಗೋ ಹೆಸರು ಮಾತ್ರ ನಿನ್ನ ತಾಯಿದು."

"ನನ್ನೆಣ್ಣೆ ಕಮಟು ಅಂತ ನೀನೇ ಮೂಗು ಮುಚ್ಕೋತಿದ್ದೆಯಲ್ಲೇ," ಎಂದಳು ಕಲೊಲೈನೆ ಮೂಲೆಯಿಂದ.

"ಅಮ್ಮ, ನೀನು ಸುಮ್ಮನಿರು."

"ಗೆರೆಯಿಲ್ಲದ ನೇರ ಹೆಸರು ಬಿಟ್ಟುಕೊಡಿ ಅತ್ತಿಗೆ. ಲೆಸಿಯೆಲಿಗೆ ಅದರಿಂದ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ. ನನ್ನ ಹತ್ರ ಇರುತ್ತೆ, ಅಷ್ಟೇ. ಇಟ್ಟ ಕಡೆ ಇರೋಕೆ ಅದೇನು ಅನ್ನ ಕೇಳುತ್ತಾ?"

ಹೋಗುವಾಗ ಗೋಡೆಗೊರಗಿಸಿದ್ದ ಹೊಸ ಚಾಪೆಯನ್ನೂ ಕಿಟಕಿಯಲ್ಲಿ ಸಾಲಾಗಿದ್ದ ಆರು ಸೀಸೆ ಎಣ್ಣೆಯನ್ನೂ ತೆಗೆದುಕೊಂಡಳು. ಫೂಸಿಯೇ ಕಾರಿನವರೆಗೆ ಹೊತ್ತಳು. ಲುಸಿಯಾನೆ ಕೈ ಬೀಸಿದಳು, ನಕ್ಕಳು, ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮಗಳ ಕಡೆ ತಿರುಗಿದಳು.

"ಗೆರೆ ಇರೋದನ್ನೇ ತಗೊಂಡುಬಿಡು."

"ಅಮ್ಮ, ಇನ್ನೊಂದು ಸಲ ಯೋಚನೆ ಮಾಡು. ಒಂದು ಸಲ ಚೀಟಿ ಅಚ್ಚಾದ್ರೆ..."

"ನನ್ನ ಹೆಸರಿಗೆ ನಾನು ಇನ್ನೊಬ್ಬರ ಕಾಲು ಹಿಡೀಬೇಕಾ? ಗೆರೆಯಾದ್ರೂ ಇರ್ಲಿ, ಗೋಡೆಯಾದ್ರೂ ಇರ್ಲಿ. ತಗೋ."

"ಇವತ್ತು ಭಾನುವಾರ."

"ನಾಳೆ ತಗೋ."

ಚೀಟಿ ಚೆನ್ನಾಗಿಯೇ ಬಂತು. ಹಸಿರು ಅಂಚು, ಬಿಳಿ ಹೂವು, ನಡುವೆ ಗೆರೆಯಿರುವ ಹೆಸರು. ಲುಸಿಯಾನೆ ಒಂದೊಂದನ್ನೂ ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದಳು. ಫೆಲೇತಿ ಕೂಡ ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದು, "ಅಂಗಡಿ ಸಾಮಾನಿನ ಹಾಗೇ ಇದೆ," ಎಂದ. ಅತ್ತೆಯ ತಕರಾರು ಒಂದೇ: "ನಿನ್ನ ಈ ಇಂಟರ್ನೆಟ್ ಅಂಗಡಿ ಭಾನುವಾರ ಬಾಗಿಲು ಹಾಕುತ್ತಾ?"

"ಅದಕ್ಕೆ ಬಾಗಿಲಿಲ್ಲ ಅಜ್ಜಿ."

"ಬಾಗಿಲಿಲ್ಲದ ಅಂಗಡಿಗೆ ದೇವರ ಭಯ ಎಲ್ಲಿಂದ ಬರಬೇಕು?"

ಆಕ್ಲೆಂಡಿನಲ್ಲಿ ನಮ್ಮವರೇ ನಡೆಸುವ ಒಂದು ರೇಡಿಯೊ ಇದೆ. ಸಾವು, ಮದುವೆ, ಚರ್ಚಿನ ಊಟ ಎಲ್ಲ ಅಲ್ಲಿ ಓದುತ್ತಾರೆ. ಶನಿವಾರ ಬೆಳಿಗ್ಗೆ ಲೋಲೊ ಪಿಸಿಲಾದ ಸುದ್ದಿಯನ್ನೂ ಓದಿದರು. ಮನೆಯವರೆಲ್ಲ ಫೂಸಿಯ ಫೋನಿನ ಸುತ್ತ ಕೂತು ಕೇಳಿದರು. ಓದುವವನು ಹೆಸರು ಹೇಳಿ, "ನಡುವೆ ಒಂದು ಗೆರೆ ಇದೆಯಂತೆ, ಯಾಕೋ ಗೊತ್ತಿಲ್ಲ," ಎಂದು ನಕ್ಕ. ಎರಡನೆಯ ಸಲ ಹೇಳುವಾಗ ಅವನೇ ಗೆರೆ ಮರೆತ.

ಫೂಸಿ ತುಟಿ ಕಚ್ಚಿಕೊಂಡಳು.

ಭಾನುವಾರ ಫೋನು ಮುಟ್ಟುವಂತಿಲ್ಲ. ಸೋಮವಾರ ನೋಡಿದರೆ ತಮ್ಮ ಗೆರೆಯ ಪುಟಕ್ಕೆ ಮೂರು ಜನ ಬರೆದಿದ್ದರು. ಒಬ್ಬಳು ಅರಿಸಿನ ಇದೆಯಾ ಎಂದು ಕೇಳಿದ್ದಳು. ಒಬ್ಬಳು ಫೂಸಿಯ ಗೆಳತಿ. ಮೂರನೆಯವರಿಗೆ ನಾಲ್ಕು ಸೀಸೆ ಬೇಕಾಗಿತ್ತು.

"ಅವಳದ್ದು ತೆಗಿ," ಎಂದಳು ಲುಸಿಯಾನೆ.

"ಬೇಡ ಅಮ್ಮ."

"ತೆಗೀ ಅಂದೆ."

ನೇರ ಹೆಸರಿನ ಪುಟದಲ್ಲಿ ತೋವಾಕಸೆಯ ಫೋಟೊ ಇತ್ತು. ಕೊರಳಲ್ಲಿ ಹೂಮಾಲೆ, ಮಡಿಲಲ್ಲಿ ಕಿಟಕಿಯಿಂದ ಎತ್ತಿಕೊಂಡು ಹೋದ ಅದೇ ಆರು ಸೀಸೆ. ಕೆಳಗೆ ಜನ ಬರೆದದ್ದು ಇಳಿಯುತ್ತಲೇ ಹೋಗುತ್ತಿತ್ತು. ಬುಧವಾರದ ಹೊತ್ತಿಗೆ ಅರವತ್ತು ದಾಟಿತು.

"ಓದು."

"ನಮ್ಮಜ್ಜಿ ಮದುವೇಲಿ ಇದೇ ಎಣ್ಣೆ ಹಚ್ಚಿದ್ದರು, ಎಂಟು ಸೀಸೆ ಕಳಿಸಿ ಅಂತ ಬರೆದಿದಾರೆ."

"ಇನ್ನೊಂದು."

"ಪಿಸಿಲಾ ಅಮ್ಮನ ಎಣ್ಣೆ ಮತ್ತೆ ಸಿಗುತ್ತೆ ಅಂತ ಕೇಳಿ ಅಳು ಬಂತು. ತೋವಾಕಸೆ ಅಮ್ಮನವರಿಗೆ ದೇವರು ಒಳ್ಳೇದು ಮಾಡ್ಲಿ ಅಂತ."

"ತೋವಾಕಸೆ ಅಮ್ಮನವರಿಗೆ," ಎಂದಳು ಲುಸಿಯಾನೆ. ಮೀನಿನ ತಟ್ಟೆಯನ್ನು ಹಾಗೇ ಮುಂದಕ್ಕೆ ತಳ್ಳಿದಳು.

ಎರಡು ವಾರ ಇದೇ ನಡೆಯಿತು. ಸಂಜೆ ಊಟಕ್ಕೆ ಕೂತ ಕೂಡಲೇ, "ಅವಳದ್ದು ತೆಗಿ." ಹಾಲು ಕಾಯಲು ಇಟ್ಟು ಮರೆತಳು. ಬಟ್ಟೆ ಒಗೆಯುವಾಗ ಗಂಡನ ಅಂಗಿಯ ಕಾಲರನ್ನು ಹರಿಯುವಷ್ಟು ತಿಕ್ಕಿದಳು. ಚರ್ಚಿನಲ್ಲಿ ತೋವಾಕಸೆ ಎರಡು ಬೆಂಚು ಮುಂದೆ ಕೂತಿದ್ದರೆ, ಅವಳ ಕತ್ತಿಗೆ ಹಚ್ಚಿದ ಎಣ್ಣೆಯ ಹೊಳಪನ್ನೇ ನೋಡುತ್ತ ಪ್ರಾರ್ಥನೆಯ ಸಾಲು ತಪ್ಪಿದಳು.

ಆಮೇಲೆ ಲೆಸಿಯೆಲಿಯ ಫೋನು ಬಂತು. "ಅತ್ತೆ, ಎಲ್ರೂ ಕೇಳ್ತಿದಾರೆ, ನನಗೆ ಎಣ್ಣೆ ಮಾಡೋಕೆ ಬರುತ್ತಾ? ನೀವು ಮಾಡಿ ಕಳ್ಸಿ, ನಾನು ಮಾರ್ತೀನಿ. ಸದ್ಯಕ್ಕೆ ಎಂಬತ್ತು ಸೀಸೆ ಬೇಕು. ಮನೆ ವ್ಯವಹಾರ ಮನೇಲೇ ಇರುತ್ತೆ." ದನಿ ಬೆಲ್ಲದ ಹಾಗಿತ್ತು. ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲೂ ಇಲ್ಲ.

ಫೆಲೇತಿಗೆ ಇದು ಸರಿ ಕಂಡಿತು. "ಮಾರಾಟವಾದ್ರೆ ಸಾಕಲ್ವೇನೇ?"

"ಯಾರ ಹೆಸರಲ್ಲಿ?"

"ನಿನ್ನ ತಾಯಿ ಹೆಸರಲ್ಲೇ ಇದೆಯಲ್ಲ!"

"ನಿಮ್ಮ ಅಕ್ಕನ ಮುಖದ ಕೆಳಗೆ! ನನ್ನ ತಾಯಿ ಎಣ್ಣೆ ಅವರ ಮಡಿಲಲ್ಲಿ ಹುಟ್ಟಿದ ಹಾಗೆ ಕೂತಿದಾರಲ್ಲ, ನೋಡಿದೀರಾ ಫೋಟೊ?"

"ನಾನು ನೋಡೋ ಹಾಗಿಲ್ಲ."

"ನೋಡೋ ಹಾಗಿಲ್ಲ, ಕೇಳೋ ಹಾಗಿಲ್ಲ, ಹೇಳೋ ಹಾಗಿಲ್ಲ. ನೀವು ಗಂಡನೋ ಕಂಬಾನೋ?"

ಅವನು ಹಂದಿಗೆ ಹಾಕಲು ಹೋದ. ಆ ತಿಂಗಳು ಆ ಮನೆಯ ಹಂದಿಗಳು ಚೆನ್ನಾಗಿ ಕೊಬ್ಬಿದವು.

ಆದರೂ ಎಂಬತ್ತು ಸೀಸೆ ಎಂದರೆ ಎಂಬತ್ತು ಸೀಸೆ. ಅತ್ತಿಗೆಯ ಮಗಳು ಬಾಯಿಬಿಟ್ಟು ಕೇಳಿದ ಮೇಲೆ ಮಾಡದೆ ವಿಧಿಯಿಲ್ಲ. ಅಂಗಳದ ಹೂವು ಸಾಲದು. ಗುರುವಾರ ಲುಸಿಯಾನೆ ಖಾಲಿ ಬುಟ್ಟಿಗಳನ್ನು ಹಿಡಿದು ಬಸ್ಸು ಹತ್ತಿ ಪಡುವಣ ತುದಿಯ ತವರಿಗೆ ಹೋದಳು. ಎಣ್ಣೆಗೆ ಹೂವಾಗಲಿ ಕಾಯಾಗಲಿ ಬೇಕಾದಾಗೆಲ್ಲ ಹಾಗೇ ಹೋಗುತ್ತಿದ್ದಳು.

ತಮ್ಮ ಪೌಲಿಯಾಸಿ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದವನು ಅಕ್ಕನನ್ನು ಕಂಡದ್ದೇ ತಲೆಬಾಗಿಸಿ, ಬಲೆ ಬಿಟ್ಟು, ಮನೆಯ ಹಿಂದಕ್ಕೆ ನಡೆದ. ಅವನ ಹೆಂಡತಿ ವೀಕಾ ಮರ್ಯಾದೆಗೆಂದು ನಡುವಿಗೆ ಅವಸರದಲ್ಲಿ ಹೆಣೆದ ಪಟ್ಟಿ ಸುತ್ತಿಕೊಂಡು ಓಡಿಬಂದಳು. ಸಣಕಲು ಹೆಂಗಸು, ನಕ್ಕರೆ ಒಂದು ಹಲ್ಲು ಇಲ್ಲದ ಜಾಗ ಕಾಣುತ್ತದೆ.

"ಬನ್ನಿ ಅತ್ತಿಗೆ, ಬನ್ನಿ. ಮೇಲೆ ಕೂತ್ಕೊಳ್ಳಿ. ಮೀನು ಈಗ ಸುಟ್ಟೆ."

"ನಾಲ್ಕು ಬುಟ್ಟಿ ಹೂವು ಬೇಕಿತ್ತು ವೀಕಾ. ಕಾಯಿ ಒಂದು ಐವತ್ತು."

"ಮಕ್ಕಳು ಕುಯ್ತಾರೆ, ನೀವು ಊಟ ಮಾಡಿ."

ಮೀನಿನ ಹೊಟ್ಟೆಭಾಗ ಅವಳ ತಟ್ಟೆಗೆ ಬಂತು. ಲುಸಿಯಾನೆ ತಿನ್ನುತ್ತ ಬಾಗಿಲಾಚೆ ನೋಡಿದಳು. ರಸ್ತೆ ಪಕ್ಕ ಎರಡು ಗೂಟ ನಿಂತಿದ್ದವು, ಮೇಲೆ ಏನೂ ಇರಲಿಲ್ಲ. ಮೊದಲು ಅಲ್ಲೊಂದು ಹಲಗೆ ಇತ್ತು, ಲೋಲೊ ಪಿಸಿಲಾ ಎಂದು ನೀಲಿ ಬಣ್ಣದ ಅಕ್ಷರ. ತಾಯಿ ಇದ್ದಾಗ ಹಾಕಿದ್ದು. ಅದರ ಕೆಳಗೆ ಮೇಜಿಟ್ಟು ವೀಕಾ ತಂಪು ಪಾನೀಯದ ಹಳೆ ಸೀಸೆಗಳಲ್ಲಿ ಎಣ್ಣೆ ಮಾರುತ್ತಿದ್ದಳು. ಬಸ್ಸಿನವರು ನಿಲ್ಲಿಸಿ ಕೊಳ್ಳುತ್ತಿದ್ದರು.

"ಬೋರ್ಡ್ ಎಲ್ಲೇ? ಗಾಳಿಗೆ ಬಿತ್ತಾ?"

"ಇಲ್ಲ, ಇಳಿಸಿದೆ."

"ಯಾಕೆ?"

"ಹೆಸರು ನೀವು ತಗೊಂಡ್ರಲ್ಲ ಅತ್ತಿಗೆ." ವೀಕಾ ಮೀನಿನ ಮೇಲೆ ಕೂರುತ್ತಿದ್ದ ನೊಣ ಓಡಿಸುತ್ತ ಹೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ. "ಇಲ್ಲಿ ಚರ್ಚಿನಲ್ಲಿ ಹೇಳಿದ್ರು. ನೀವು ದೇಶಕ್ಕೆಲ್ಲ ಮಾರುವಾಗ ನಾನು ಅದೇ ಹೆಸರು ಹಾಕ್ಕೊಂಡು ರಸ್ತೇಲಿ ಕೂತ್ರೆ ನಿಮಗೇ ಅವಮಾನ."

"ಮತ್ತೆ ಎಣ್ಣೆ?"

"ಹೆಸರಿಲ್ಲದ ಎಣ್ಣೆ ಯಾರು ತಗೋತಾರೆ? ಮೇಜು ಮಕ್ಕಳಿಗೆ ಓದ್ಕೊಳೋಕೆ ಆಯ್ತು."

"ಒಂದು ಮಾತು ನನಗೆ ಹೇಳಬಾರದಾಗಿತ್ತಾ ನೀನು?"

"ಏನಂತ ಹೇಳ್ಲಿ? ನೀವು ಹೇಳ್ತೀರಾ, ನಿಮ್ಮ ಅತ್ತಿಗೆಗೆ?" ಅಂದವಳೇ ವೀಕಾ ಬಾಯಿಗೆ ಕೈ ಅಡ್ಡ ಹಿಡಿದಳು. "ತಪ್ಪಾಯ್ತು. ನಾಲಗೆ ಜಾರಿತು. ಇನ್ನೊಂದು ತುಂಡು ಹಾಕ್ಲಾ?"

ಲುಸಿಯಾನೆ ಕೈ ತೊಳೆಯಲು ಹಿತ್ತಲಿಗೆ ಹೋದಳು. ಕೋಳಿಗೂಡಿಗೆ ಹೊಸ ಬಾಗಿಲು ಬಂದಿತ್ತು. ನೀಲಿ ಅಕ್ಷರ ತಲೆಕೆಳಗಾಗಿ ನಿಂತಿದ್ದವು. ತಾಯಿಯ ಹೆಸರಿನ ಮೇಲೆ ಒಂದು ಹೇಂಟೆ ಉಗುರಿನಿಂದ ಕೆರೆಯುತ್ತಿತ್ತು.

ಪಿಸಿಲಾ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದಳು. ಕೈ ನಡುಗುತ್ತಿತ್ತು, ತುರಿಮಣೆ ಮುಟ್ಟಲಾಗುತ್ತಿರಲಿಲ್ಲ. ಒಂಬತ್ತು ವರ್ಷವೂ ಅವಳನ್ನು ತೊಳೆದವಳು ವೀಕಾ, ಉಣ್ಣಿಸಿದವಳು ವೀಕಾ. ಆ ಒಂಬತ್ತು ವರ್ಷ ಪಿಸಿಲಾ ಎಣ್ಣೆ ಎಂದು ಊರು ಹಚ್ಚಿಕೊಂಡದ್ದು ಯಾರ ಕೈಯ ಎಣ್ಣೆ? ಎಲ್ಲರಿಗೂ ಗೊತ್ತಿತ್ತು. ಲುಸಿಯಾನೆಗೂ ಗೊತ್ತಿತ್ತು. ಹೆಸರು ಎತ್ತಿಕೊಳ್ಳುವ ಮೊದಲು ಅವಳನ್ನು ಕೇಳಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಕೇಳದೆ ತೆಗೆದುಕೊಳ್ಳುವವರಿಗೆ ಅದು ಹೊಳೆಯುವುದಿಲ್ಲ.

ನಾಲ್ಕು ಬುಟ್ಟಿ ಹೂವೂ ಐವತ್ತು ಕಾಯೂ ಬಸ್ಸಿಗೆ ಏರಿದವು. ವೀಕಾಳ ಮಕ್ಕಳು ಓಡುತ್ತ ಕೈಬೀಸಿದವು.

ಆ ಹೂವು ಎಣ್ಣೆಗೆ ಬೀಳಲೇ ಇಲ್ಲ, ಬುಟ್ಟಿಯಲ್ಲೇ ಕಂದಿತು. ಫೂಸಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಿದ್ದಕ್ಕೆ ಬೈಸಿಕೊಂಡಳು. ಸಂಜೆ ಊಟದ ಹೊತ್ತಿಗೆ ಯಾರೂ "ಅವಳದ್ದು ತೆಗಿ" ಎನ್ನಲಿಲ್ಲ. ಅತ್ತೆಗೇ ತಡೆಯಲಾಗಲಿಲ್ಲ. "ಇವತ್ತು ಓದಲ್ವಾ? ನನಗೆ ಅದನ್ನ ಕೇಳ್ತಾ ಉಣ್ಣೋ ಅಭ್ಯಾಸ ಆಗಿದೆ."

ಶನಿವಾರ ಲುಸಿಯಾನೆ ಮಗಳ ಮದುವೆಗೆಂದು ಸುತ್ತಿಟ್ಟಿದ್ದ ನವಿರು ಚಾಪೆಯನ್ನು ಇಳಿಸಿ, ಫೂಸಿಯ ಹೆಗಲ ಮೇಲಿಟ್ಟು, ಪೇಟೆಯ ತೋವಾಕಸೆಯ ಮನೆಗೆ ಹೋದಳು. ಚಾಪೆಯನ್ನು ಮುಂದಿಟ್ಟು ಕೆಳಗೆ ಕೂತಳು.

"ಬಂದ್ಯಾ?" ಎಂದಳು ತೋವಾಕಸೆ. "ಆರು ವಾರ ಬೇಕಾಯ್ತು. ಗೆರೆ ಕೈ ಹಿಡೀಲಿಲ್ವಾ?"

"ಇಲ್ಲ ಅತ್ತಿಗೆ."

"ನೇರ ಹೆಸರು ಬೇಕಾ?"

"ಬೇಕು. ನನಗಲ್ಲ."

ಬೀಸಣಿಗೆ ನಿಂತಿತು.

"ನನ್ನ ತಮ್ಮನ ಹೆಂಡತಿ ವೀಕಾಗೆ. ನನ್ನ ತಾಯೀನ ನೋಡಿಕೊಂಡೋಳು ಅವಳು, ಎಣ್ಣೆ ಮಾಡ್ತಿದ್ದೋಳೂ ಅವಳು. ಬೋರ್ಡ್ ಹಾಕಿ ಮಾರ್ತಿದ್ಲು. ನಾನು ಹೆಸರು ಎತ್ತಿಕೊಂಡು ಬಂದೆ, ಅವಳು ಬೋರ್ಡ್ ಇಳಿಸಿದ್ಲು. ನೀವು ತಗೊಂಡಿದ್ದು ತಪ್ಪು ಅಂತ ಹೇಳೋಕೆ ನಾನು ಬಂದಿಲ್ಲ ಅತ್ತಿಗೆ. ಹೇಳಿದ್ರೆ ನನ್ನದೂ ಹೇಳಬೇಕಾಗುತ್ತೆ."

"ಕೊಡಲ್ಲ ಅಂದ್ರೆ?"

"ಗೆರೆ ಇರೋದನ್ನ ಅವಳಿಗೆ ಕೊಡ್ತೀನಿ. ಅದು ಕುಂಟು. ಆದ್ರೂ ಕೊಡ್ತೀನಿ."

ತೋವಾಕಸೆ ಚಾಪೆಯ ಅಂಚನ್ನು ಬೆರಳಲ್ಲಿ ಮಡಚಿ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗಿತು, ನಗು ಆಮೇಲೆ ಬಾಯಿಗೆ ಬಂತು. "ಕಳ್ಳಿ! ಲುಸಿಯಾನೆ ತನ್ನ ಪಾಲು ಬಡವಳಿಗೆ ಕೊಟ್ಟಳು, ತೋವಾಕಸೆ ಬಿಗಿಹಿಡಿದು ಕೂತಳು ಅಂತ ಊರಿನವರು ಆಡ್ಕೋಬೇಕು, ಅಲ್ವಾ? ಮೇಲಿನ ಚಾಪೇಲಿ ಕೂರಿಸಿ ಚಾಪೇನೇ ಎಳೀತಿದೀಯ."

"ಅಯ್ಯೋ, ಇಲ್ಲ ಅತ್ತಿಗೆ."

"ಇಲ್ಲ ಅನ್ನಬೇಡ, ನನಗೂ ತಮ್ಮಂದಿರ ಹೆಂಡತೀರು ನಾಲ್ಕು ಜನ ಇದಾರೆ. ಫೂಸಿ, ಇಲ್ಲಿ ಬಾ. ಗೆರೆ ಇರೋದೂ ಇಲ್ಲದ್ದೂ ಎರಡೂ ಒಬ್ಬರ ಹತ್ರವೇ ಇರಬಹುದಾ?"

"ಇರಬಹ್ದು ದೊಡ್ಡತ್ತೆ. ಹಾಗೆ ಇದ್ರೇನೇ ಒಳ್ಳೇದು. ಯಾವುದನ್ನ ಒತ್ತಿದ್ರೂ ಒಂದೇ ಪುಟಕ್ಕೆ ಹೋಗೋ ಹಾಗೆ ಮಾಡ್ತೀನಿ."

"ಹಾಗಾದ್ರೆ ಎರಡೂ ಆ ಹುಡುಗಿಗೆ. ಬಂದಿರೋ ಎಂಬತ್ತೂ ಅವಳಿಗೇ. ಲೆಸಿಯೆಲಿಗೆ ನಾನು ಹೇಳ್ತೀನಿ." ಬೀಸಣಿಗೆ ಮತ್ತೆ ಆಡಿತು. "ಇನ್ನು ನಿನ್ನ ಎಣ್ಣೆ. ಅದಕ್ಕೆ ನಾನು ಹೆಸರಿಡ್ತೀನಿ. ಲೋಲೊ ಕಲೊಲೈನೆ. ನನ್ನ ತಾಯಿ ಹೆಸರು. ಗೆರೆಗಿರೆ ಬೇಡ."

ಲುಸಿಯಾನೆ ತಲೆಬಾಗಿಸಿದಳು. "ಒಳ್ಳೇ ಹೆಸರು, ಅತ್ತಿಗೆ," ಅಂದಳು.

ಚಾಪೆ ಅಲ್ಲೇ ಉಳಿಯಿತು. ದಾರಿಯಲ್ಲಿ ಫೂಸಿ, "ನನ್ನ ಮದುವೆ ಚಾಪೆ ಹೋಯ್ತು, ಹೆಸರೂ ಹೋಯ್ತು. ನಮಗೆ ಸಿಕ್ಕಿದ್ದು ಅಜ್ಜಿ," ಎಂದಳು. ಲುಸಿಯಾನೆ ನಗಲಿಲ್ಲ.

ಅಜ್ಜಿಗೆ ಮಾತ್ರ ಹಬ್ಬ. ಹೊಸ ಚೀಟಿಯ ಒಂದು ಹಾಳೆಯನ್ನು ದಿಂಬಿನ ಕೆಳಗಿಟ್ಟುಕೊಂಡಳು. ಊಟಕ್ಕೆ ಕೂತರೆ ಈಗ ಅವಳದೇ ಪ್ರಶ್ನೆ. "ಇವತ್ತು ಎಷ್ಟು ಜನ ನನ್ನ ಕೇಳಿದ್ರು?"

"ಇಬ್ಬರು, ಅಜ್ಜಿ."

"ಇಬ್ಬರೇ? ಅವಳಿಗೆ?"

ಫೂಸಿ ತಾಯಿಯ ಮುಖ ನೋಡಿದಳು. "ಮೂವತ್ತೊಂದು."

"ಇನ್ನೊಂದಿಷ್ಟು ಗೆಣಸು ಹಾಕ್ಕೊಳ್ಳಿ ಅತ್ತೆ," ಎಂದು ಲುಸಿಯಾನೆ ಪಾತ್ರೆಯಲ್ಲಿದ್ದದ್ದೆಲ್ಲ ಅವಳ ತಟ್ಟೆಗೆ ಬಗ್ಗಿಸಿದಳು.

ಮುಂದಿನ ತಿಂಗಳು ತವರಿಗೆ ಹೋದಾಗ ಮೇಜು ರಸ್ತೆ ಪಕ್ಕಕ್ಕೆ ಮರಳಿತ್ತು. ಮೇಲೆ ಹೊಸ ಹಲಗೆ. ತಮ್ಮ ಎಂದಿನಂತೆ ಹಿಂದಕ್ಕೆ ಹೋದ. ವೀಕಾ ಎಂದಿನಂತೆ ಒಳ್ಳೆಯ ತುಂಡು ಬಡಿಸಿದಳು. ನಡುವೆ ಫೋನು ಹೊಡೆದುಕೊಂಡಿತು. "ಹೂಂ, ಲೋಲೊ ಪಿಸಿಲಾ. ಹೇಳಿ," ಎಂದಳು ವೀಕಾ, ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವಳಂತೆ. ಲುಸಿಯಾನೆ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟಳು. ನೀರು ಕುಡಿದಳು.

ಎದ್ದು ಬರಿಗೈಯಲ್ಲಿ ಹೊರಟಳು. ಬಸ್ಸಿನ ಹತ್ತಿರ ಬರುವಷ್ಟರಲ್ಲಿ ವೀಕಾ ಏದುಸಿರು ಬಿಡುತ್ತ ಓಡಿಬಂದಳು.

"ಅತ್ತಿಗೆ, ಏನೂ ತಗೊಳ್ಳದೆ ಹೊರಟ್ರಲ್ಲ. ನನ್ನ ಮೇಲೆ ಸಿಟ್ಟಾ?"

"ಸಿಟ್ಟಿಲ್ಲ ಮಾರಾಯ್ತಿ."

"ಮತ್ತೆ? ಊರಿನವರು ಏನಂದ್ಕೊಂಡಾರು, ಅತ್ತಿಗೇನ ಬರಿಗೈಲಿ ಕಳಿಸಿದ್ಲು ಅಂತ. ಹೂವು ತಗೊಳ್ಳಿ. ಕೋಳಿ ಹಿಡಿಸ್ಲಾ?"

ಅವಳ ಕಣ್ಣಲ್ಲಿ ನೀರೇ ಬರುವ ಹಾಗಿತ್ತು. "ಒಂದು ಸೀಸೆ ಎಣ್ಣೆ ಕೊಡು ಹಾಗಾದ್ರೆ," ಎಂದಳು ಲುಸಿಯಾನೆ. ದುಡ್ಡು ತೆಗೆಯಲು ಚೀಲಕ್ಕೆ ಕೈಹಾಕಿದ್ದಕ್ಕೆ ವೀಕಾ ಎರಡು ಹೆಜ್ಜೆ ಹಿಂದೆ ಸರಿದಳು, ಹಾವು ಕಂಡವಳ ಹಾಗೆ.

ಬಸ್ಸಿನಲ್ಲಿ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ತಕ್ಷಣ ಮುಚ್ಚಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ತೆಗೆದಳು. ಹತ್ತು ವರ್ಷದಿಂದ ಅವಳು ಎಷ್ಟು ಸಲ ಮಾಡಿದ್ದರೂ ತನ್ನ ಎಣ್ಣೆಗೆ ಇದು ಬಂದಿರಲಿಲ್ಲ. ಹೂವಿನ ಆಚೆ ಇನ್ನೇನೋ ಒಂದು, ತೊಗಟೆಯದೋ ಬೇರಿನದೋ. ಪಕ್ಕದಲ್ಲಿ ಕೂತ ಹೆಂಗಸು, "ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. ಲುಸಿಯಾನೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಆದರೂ ಹೇಳಿದಳು, ಎಲ್ಲಿ ಸಿಗುತ್ತದೆ, ಯಾರು ಮಾಡುತ್ತಾರೆ, ಎಲ್ಲ.

ಮನೆಯಲ್ಲಿ ಕಲೊಲೈನೆ ಸೀಸೆ ಕಿತ್ತುಕೊಂಡು ಅಂಗೈಗೆ ನಾಲ್ಕು ತೊಟ್ಟು ಹಾಕಿ, ಮೊಣಕಾಲಿಗೆ ಹಚ್ಚಿ, ಬಗ್ಗಿ ಮೂಸಿದಳು.

"ಇದು ನಂದಾ?"

"ಅಲ್ಲ ಅತ್ತೆ. ವೀಕಾದು."

"ನಂದು ಯಾಕೆ ಹಿಂಗೆ ಬರಲ್ಲ? ಅದಕ್ಕೇನೋ ಹಾಕ್ತಾಳೆ ಅವಳು. ಕೇಳಿದ್ಯಾ?"

"ಇಲ್ಲ."

"ಕೇಳಿದ್ರೆ ಇಲ್ಲ ಅಂತಾಳಾ?"

"ಅನ್ನಲ್ಲ. ಅನ್ನೋ ಹಾಗಿಲ್ಲ ಅವಳು," ಎಂದಳು ಲುಸಿಯಾನೆ. "ಅದಕ್ಕೇ ಕೇಳ್ಲಿಲ್ಲ." ಒಲೆಯ ಮೇಲೆ ಗೆಣಸು ತಳ ಹಿಡಿಯುವ ವಾಸನೆ ಬಂತು. ನೋಡಲು ಎದ್ದುಹೋದಳು.